ತಪಕೀರ ಡಬ್ಬಿಯ ತಗಡು

ಗಾಡಿ ಬಿಚ್ಚುವ ಮುಂಚೆ ಅದನ್ನು ಹಿಂದೆ ರಿಪೇರಿ ಮಾಡಿದ ಮಿಸ್ತ್ರಿಯನ್ನು ನಾಲ್ಕು ಮಾತು ಬೈಯದಿದ್ದರೆ ಆಂಟಾಪ್ ಹಿಲ್‌ನಲ್ಲಿ ನಿಮ್ಮನ್ನು ಯಾರೂ ಮಿಸ್ತ್ರಿ ಎಂದು ಒಪ್ಪುವುದಿಲ್ಲ. ಇಂಡಿ ತಾಲೂಕಿನಿಂದ ಈ ಮಹಾನಗರಕ್ಕೆ ಬಂದು ಗ್ಯಾರೇಜು ಹಾಕಿದ ಜಮಾಲಸಾಬ ಈ ಪದ್ಧತಿಯನ್ನು ಮೂವತ್ತೈದು ವರ್ಷದಿಂದ ನಿಷ್ಠೆಯಾಗಿ ಪಾಲಿಸಿಕೊಂಡು ಬಂದಿದ್ದ. ನಮಾಜು ಒಂದೆರಡು ಸಲ ತಪ್ಪಿದ್ದುಂಟು, ಇದು ತಪ್ಪಿರಲಿಲ್ಲ.

ಪೂವಪ್ಪ ತಳ್ಳಿಕೊಂಡು ಬಂದ ಬೈಕನ್ನು ಕಂಡಾಗಂತೂ ಅವನಿಗೆ ಹಬ್ಬವಾಯಿತು. ಪೂವಪ್ಪ ಹತ್ತಿರದ ಉಡುಪಿ ಹೋಟೆಲಿನಲ್ಲಿ ಇಪ್ಪತ್ತೆಂಟು ವರ್ಷದಿಂದ ದೋಸೆ ಹುಯ್ಯುತ್ತಿರುವವನು. ಪವಾಯಿಯ ಕಾಲೇಜು ಹುಡುಗ ಸೃಜನ್‌ನಿಂದ ಈ ಹಳೇ ಗಾಡಿ ತೆಗೆದುಕೊಂಡು ಒಂದು ತಿಂಗಳಾಗಿತ್ತು. ಎರಡು ಕಿಲೋಮೀಟರ್ ಓಡಿದರೆ ಸಾಕು, ಎಂಜಿನ್ ಕಾದು ಕಟಕ್ಕೆಂದು ಹಿಡಿದುಕೊಂಡು ನಿಲ್ಲುತ್ತಿತ್ತು. ಹೆಂಡತಿ ನೀಲಾವತಿ ಎರಡು ಸಲ ಹೈವೇಯಲ್ಲೇ ಇಳಿದು, ಬಸ್ಸು ಹತ್ತಿ, ತಿರುಗಿಯೂ ನೋಡದೆ ಮನೆಗೆ ಹೋಗಿದ್ದಳು.

ಟಾಂಕಿಯ ತೂತಿಗೆ ಸ್ನಾನದ ಸಾಬೂನು ಮೆತ್ತಿತ್ತು. ಫ್ಯೂಸಿನ ಜಾಗದಲ್ಲಿ ಸಿಗರೇಟಿನ ಬೆಳ್ಳಿ ಕಾಗದ. ಕ್ಲಚ್ಚಿಗೆ ಸೈಕಲ್ಲಿನ ಬ್ರೇಕ್ ವೈರು.

“ಇವ ಮಿಸ್ತ್ರಿ ಅಲ್ರಿ, ಕತ್ತೆ,” ಎಂದ ಜಮಾಲಸಾಬ. “ಇನ್ನ ಎಂಜಿನ್ನಾಗ ಏನೇನ್ ಮಾಡ್ಯಾನೋ. ಯಾರಂತ ಹುಡುಕ್ರಿ ಪೂವಪ್ಪಣ್ಣ, ಕಾಲರ್ ಹಿಡದು ತಂದು ನನ್ನ ಮುಂದ ನಿಲ್ಲಸ್ರಿ.”

ಈ ಮಾತನ್ನು ಅವನು ಎಲ್ಲ ಗಿರಾಕಿಗಳಿಗೂ ಹೇಳುತ್ತಿದ್ದ. ಯಾರೂ ಮನಸ್ಸಿಗೆ ಹಾಕಿಕೊಂಡಿರಲಿಲ್ಲ. ಪೂವಪ್ಪ ಹಾಕಿಕೊಂಡ. ಮರುದಿನ ಹೋಟೆಲಿಗೆ ರಜೆ ಹೇಳಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪವಾಯಿಗೆ ಹೊರಟ.

ಇತ್ತ ಜಮಾಲಸಾಬ ಎಂಜಿನ್ ಇಬ್ಭಾಗ ಮಾಡಿದ. ಬೇರಿಂಗು ಅದರ ಗುಂಡಿಯಲ್ಲಿ ಬಿಗಿಯಾಗಿ ಕೂರಬೇಕು. ಇಲ್ಲಿ ಗುಂಡಿ ಸವೆದು ಸಡಿಲಾಗಿತ್ತು, ಸಂದಿಗೆ ಯಾರೋ ತಗಡಿನ ಪಟ್ಟಿ ತುರುಕಿದ್ದರು. ಕಾದಾಗ ತಗಡು ಸರಿದು ಬೇರಿಂಗು ವಾಲುತ್ತಿತ್ತು. ರೋಗ ಸಿಕ್ಕಿದ ಖುಷಿಗೆ ಅವನು ಎದುರಿನ ಅಂಗಡಿಗೂ ಕೇಳುವಂತೆ ಬೈಯತೊಡಗಿದ. ಎದುರಿನ ಅಂಗಡಿ ಇಜಾಜನದು. ಹನ್ನೆರಡು ವರ್ಷ ಇವನ ಕೈಕೆಳಗೆ ಕಲಿತು, ಕಲಿತದ್ದು ಸಾಕೆನಿಸಿದ ದಿನ ರಸ್ತೆ ದಾಟಿ ಇವನ ಮೂಗಿನ ಮುಂದೆಯೇ ಬೋರ್ಡು ತಗುಲಿಹಾಕಿದ ಶಿಷ್ಯೋತ್ತಮ. ಈ ಬೈಕನ್ನು ನೋಡಿ “ಗುಜರಿಗೆ ಹಾಕಿ” ಎಂದು ಪೂವಪ್ಪನಿಗೆ ಬುದ್ಧಿ ಹೇಳಿದ್ದವನೂ ಅವನೇ.

ಬೈಯುತ್ತಲೇ ಜಮಾಲಸಾಬ ತಗಡನ್ನು ಪೆಟ್ರೋಲಿನಲ್ಲಿ ತೊಳೆದ. ಹಸಿರು ಬಣ್ಣ ಕಂಡಿತು, ಆಮೇಲೆ ನವಿಲಿನ ಎರಡು ಕಾಲು. ಬೈಗುಳ ಅರ್ಧಕ್ಕೇ ನಿಂತಿತು. ಹಲ್ಲಿಗೆ ತಿಕ್ಕುವ ಹೊಗೆಸೊಪ್ಪಿನ ಪುಡಿ, ತಪಕೀರು, ತುಂಬಿದ ಆ ನವಿಲು ಚಿತ್ರದ ಡಬ್ಬಿಯನ್ನು ತಂಗಿ ರಜಿಯಾ ಊರಿನಿಂದ ಕಳಿಸುತ್ತಿದ್ದಳು. ಈ ಓಣಿಯಲ್ಲಿ ಅದು ಒಬ್ಬನ ಜೇಬಿನಲ್ಲಿ ಮಾತ್ರ ಇರುತ್ತಿತ್ತು. ಅವನು ತನ್ನ ಜೇಬು ಮುಟ್ಟಿ ನೋಡಿಕೊಂಡ.

ನೆನಪಾಯಿತು. ಒಂಬತ್ತು ವರ್ಷದ ಹಿಂದೆ, ಈದಿನ ಹಿಂದಿನ ದಿನ, ಗೋರೆಗಾಂವ್‌ನಲ್ಲಿ ಸಿನಿಮಾ ಸೆಟ್ಟು ಕಟ್ಟುವ ಅನಿಲಕುಮಾರ ಎಂಬವನು ಇದೇ ಗಾಡಿ ತಂದು ತಲೆ ಮೇಲೆ ಕೂತಿದ್ದ. ಜಮಾಲಸಾಬನಿಗೆ ಮನೆಗೆ ಹೋಗುವ ಅವಸರ. ಡಬ್ಬಿ ಕತ್ತರಿಸಿ ತುರುಕಿ, “ಪಕ್ಕಾ ಆಗೇದ, ಹೋಗ್ರಿ” ಎಂದು ಕಳಿಸಿದ್ದ.

ಈಗ ಅವನಿಗೆ ನಾಚಿಕೆಗಿಂತ ಹೆದರಿಕೆ ಹೆಚ್ಚಾಯಿತು. ಈ ಸಂಗತಿ ಇಜಾಜನ ಕಿವಿಗೆ ಬಿದ್ದರೆ ತನ್ನ ಹೆಸರು ಮಣ್ಣುಪಾಲು. ಇಷ್ಟು ವರ್ಷ ಎಣ್ಣೆಯಲ್ಲಿ ಕೈ ಅದ್ದಿ ಅವನು ಸಂಪಾದಿಸಿದ್ದು ಆ ಹೆಸರೊಂದನ್ನೇ. ತಗಡನ್ನು ಗಟಾರಕ್ಕೆ ಎಸೆದು ಪೂವಪ್ಪನಿಗೆ ಫೋನು ಹಚ್ಚಿದ.

“ವಾಪಸ್ ಬರ್ರಿ ಪೂವಪ್ಪಣ್ಣ. ಬಿಸಿಲು ಭಾಳ ಅದ. ಹೋಗ್ಲಿ ಬಿಡ್ರಿ, ಅಂವಾ ಯಾರಾದ್ರೇನು.”

“ಇಲ್ಲ ಸಾಬ್ರೆ, ಆ ಹುಡುಗನಿಗೆ ಗಾಡಿ ಮಾರಿದವ ಗೋರೆಗಾಂವಿನವನಂತೆ, ಅಲ್ಲಿಯ ಬಸ್ಸಲ್ಲಿ ಕೂತಾಯ್ತು. ಇವತ್ತು ಅವನನ್ನು ಬಿಡುದಿಲ್ಲ.”

ಸಂಜೆ ಪೂವಪ್ಪ ಬಂದು ಟೈರಿನ ಮೇಲೆ ಕುಸಿದು ಕೂತ. ಜಮಾಲಸಾಬ ನೀರು ಕೊಟ್ಟ.

“ಪತ್ತೆ ಆಯ್ತು. ಆದ್ರೆ ಎಂತ ಪ್ರಯೋಜನ ಮಾರಾಯ್ರೆ? ಆ ಮಿಸ್ತ್ರಿ ಸತ್ತು ಹೋಗಿದ್ದಾನಂತೆ.”

“ಯಾರು?”

“ಇಲ್ಲಿಯವನೇ ಯಾರೋ ಮುದುಕ. ಹೆಸರು ಆ ಗೋರೆಗಾಂವಿನ ಅನಿಲಕುಮಾರನಿಗೆ ನೆನಪಿಲ್ಲ. ಮೂರು ವರ್ಷದ ಹಿಂದೆ ಗಾಡಿ ರಿಪೇರಿಗೆ ತಂದಾಗ ಅಂಗಡಿ ಬಂದ್ ಆಗಿತ್ತಂತೆ. ಎದುರಿನ ಅಂಗಡಿಯವ ಹೇಳಿದನಂತೆ, ‘ಉಸ್ತಾದ್ ಗುಜರ್ ಗಯೇ’ ಅಂತ.”

ಮೂರು ವರ್ಷದ ಹಿಂದೆ ಜಮಾಲಸಾಬ ಹರ್ನಿಯಾ ಆಪರೇಷನ್ನಿಗೆ ಊರಿಗೆ ಹೋಗಿದ್ದ. ಒಂದೂವರೆ ತಿಂಗಳು ಶಟರು ಎತ್ತಿರಲಿಲ್ಲ. ಅವನು ರಸ್ತೆಯಾಚೆ ನೋಡಿದ. ಇಜಾಜ ಯಾರದೋ ಸ್ಕೂಟರಿನ ಪ್ಲಗ್ಗು ಒರೆಸುತ್ತಿದ್ದ.

“ಪಾಪ, ಸಾಯುವ ಮುಂಚೆ ಅವನಿಗೆ ಕಣ್ಣು ಕಾಣ್ತಿರ್ಲಿಲ್ಲವಂತೆ,” ಪೂವಪ್ಪ ಮುಂದುವರಿಸಿದ. “ಕೈ ನಡುಗ್ತಿತ್ತಂತೆ. ಕೊನೆಕೊನೆಗೆ ಕೆಲಸವೇ ಮರ್ತುಹೋಗಿತ್ತಂತೆ. ಅಂಥವನನ್ನು ಬೈದು ಎಂತ ಮಾಡುದು? ಇನ್ನು ಬಿಟ್ಟುಬಿಡುವ.”

ಎಂಥ ಸುಲಭದ ದಾರಿ. “ಹೌದ್ರಿ, ಪಾಪ” ಎಂದರೆ ಮುಗಿಯಿತು. ಹೊಸ ಬೇರಿಂಗು ಕೂರಿಸಿ, ಗಾಡಿ ಓಡಿಸಿ, ಹೆಸರು ಉಳಿಸಿಕೊಂಡು ಮಲಗಬಹುದು. ಜಮಾಲಸಾಬ ಹಾಗೆನ್ನಲು ಬಾಯಿಯನ್ನೂ ತೆರೆದ. ಆದರೆ ಕಣ್ಣು ಕಾಣದ, ಕೈ ನಡುಗುವ, ಕೆಲಸ ಮರೆತ ಆ ಹೆಣ ತಾನೇ ಎಂದು ಒಪ್ಪುವುದು ಅವನಿಂದಾಗಲಿಲ್ಲ. ಎದ್ದು ನಿಂತು, ರಸ್ತೆಯಾಚೆಗೆ ಮುಖ ಮಾಡಿ, ಬಸ್ಸಿನ ಸದ್ದಿನ ಮೇಲೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ.

“ಅಂವಾ ಸತ್ತಿಲ್ರಿ. ಅಂವಾ ನಾನು. ನನ್ನ ಕೈ ಅವತ್ತೂ ನಡುಗಿಲ್ಲ, ಇವತ್ತೂ ನಡುಗಂಗಿಲ್ಲ. ಎಂಜಿನ್ನಾಗ ಬೇರಿಂಗಿನ ಸಂದಿಗೆ ಡಬ್ಬಿ ತಗಡು ನಾನೇ ಹಾಕೇನಿ. ಕಣ್ಣು ಬಿಟ್ಟು, ತಿಳದು, ಬೇಕಂತ ಹಾಕೇನಿ.”

ಇಜಾಜನ ಕೈಯಲ್ಲಿನ ಬಟ್ಟೆ ನಿಂತಿತು. ಅವನ ಗಿರಾಕಿ ತಿರುಗಿ ನೋಡಿದ, ಪಾನ್ ಅಂಗಡಿಯವನೂ ನೋಡಿದ. ತಾನು ಹೇಳಿದ್ದೇನೆಂಬುದು ಜಮಾಲಸಾಬನಿಗೆ ಆಗ ಅರ್ಥವಾಯಿತು.

ಪೂವಪ್ಪ ನೀರಿನ ಲೋಟ ಕೆಳಗಿಟ್ಟು ಎದ್ದ.

“ಬೇಕಂತ ಹಾಕಿದ್ದಾ?”

“ಹೌದ್ರಿ.”

“ಸತ್ತಿದ್ರೆ ಬಚಾವಾಗ್ತಿದ್ರಿ ಸಾಬ್ರೆ. ಕೂತ್ಕೊಳ್ಳಿ.”

ಜಮಾಲಸಾಬ ಕೂತ. ಪೂವಪ್ಪ ತೋಳು ಮಡಿಸಿ, ಕನ್ನಡವನ್ನು ಪಕ್ಕಕ್ಕಿಟ್ಟು, ತುಳುವಿನಲ್ಲಿ ಶುರುಮಾಡಿದ. ಸ್ವಂತದ ಸಿಟ್ಟು ಮುಗಿದ ಮೇಲೆ ನೀಲಾವತಿ ಹೈವೇಯಲ್ಲಿ ಇಳಿದುಹೋದ ಎರಡು ಸಲದ್ದನ್ನೂ ಸೇರಿಸಿ ಬೈದ. ಜಮಾಲಸಾಬನಿಗೆ ಒಂದು ಪದವೂ ತಿಳಿಯದು, ಆದರೂ ಎಲ್ಲವೂ ತನಗೆ ಸಲ್ಲಬೇಕಾದ್ದೇ ಎಂಬುದರಲ್ಲಿ ಅನುಮಾನವಿರಲಿಲ್ಲ. ಅವನು ಕೇಳುತ್ತಲೇ, ಸವೆದ ಗುಂಡಿಯ ಎಂಜಿನ್ ಕೇಸನ್ನು ಈ ಸಲ ಸರಿಯಾಗಿ ದುರಸ್ತಿ ಮಾಡಿಸಲು ಲೇಥ್ ಅಂಗಡಿಗೆ ಒಯ್ಯಲೆಂದು ಹಳೇ ಲುಂಗಿಯಲ್ಲಿ ಕಟ್ಟತೊಡಗಿದ.