ಹುಲ್ಲಿನ ಎತ್ತರ

ಗೆಣ್ಣು ತರಚಿದೆ, ಬಲಗೈಯ ನಡುಬೆರಳಿನದು, ಸ್ಟೀರಿಂಗಿನ ಮೇಲೆ ಕೆಂಪಗೆ, ಹಿಂದಿನ ಸೀಟಿನಲ್ಲಿ ಕೂಸಿನ ಪಕ್ಕ ಕೂತ ಮಾರ್ಲಾಗೆ ಗಂಡನ ಮುಖಕ್ಕಿಂತ ಅದೇ ಚೆನ್ನಾಗಿ ಕಾಣುತ್ತಿದೆ, ಕೈಗೇನಾಯ್ತೋ ಟ್ರೆಂಟ್, ಏನಿಲ್ಲ, ಬಾಗ್ಲು ತಾಗ್ತು — ಬಾಗಿಲು ತಾಗಿದರೆ ಉಗುರಿನ ಸಂದಿಯಲ್ಲಿ ಗ್ರೀಸು ಯಾಕೆ, ಇರಲಿ, ಕೂಸು ನಿದ್ದೆಯಲ್ಲೇ ತುಟಿ ಚಪ್ಪರಿಸಿತು, ಎಷ್ಟು ಪುಟ್ಟ ತುಟಿ, ದೇವರು ದೊಡ್ಡವನು, ಹೊಟ್ಟೆ ಕೊಯ್ದು ತೆಗೆದರೂ ಇಬ್ಬರೂ ಉಳಿದೆವು. ಹೊಲಿಗೆಯ ಮೇಲೆ ದಿಂಬು ಅದುಮಿಕೊಂಡಿದ್ದಾಳೆ. ಡಾಂಬರು ಮುಗಿಯಿತು, ಇನ್ನು ಮನೆಯವರೆಗೂ ಜಲ್ಲಿ ರಸ್ತೆ. ಹೊಲಿಗೆ ಮಾಗೋವರ್ಗೂ ಪೇಟೇಲಿ ನಮ್ಮನೇಲಿರೇ, ಆ ಗಾಡೀಲಿ ಕೂತ್ರೆ ಹೊಲಿಗೆ ಏನು, ಹಲ್ಲೂ ಉದುರುತ್ತೆ ಅಂದಿದ್ದಳು ಗ್ಲೆಂಡಾ ಅಕ್ಕ, ಅಕ್ಕನ ಮಾತು ಕೇಳಬೇಕಿತ್ತೇನೋ, ಆದರೆ ತನ್ನ ಮಂಚ, ತನ್ನ ಅಡುಗೆಮನೆಯ ಬಿಸಿಲು — ಕಿಟಕಿಯಾಚೆ ಹುಲ್ಲು ಎಷ್ಟು ಬೆಳೆದುಬಿಟ್ಟಿದೆ, ಆಸ್ಪತ್ರೆಗೆ ಹೋಗುವಾಗ ಬೇಲಿಯ ಮೇಲಿಂದ ಗುಡ್ಡದ ಬುಡದವರೆಗೂ ಕಾಣುತ್ತಿತ್ತು, ಈಗ ಬೇಲಿಯ ತಂತಿಯೇ ಕಣ್ಣಿಗೆ ಅಡ್ಡ, ನಾನಿಲ್ಲದಾಗ ಮಳೆ ಬಂದಿರಬೇಕು.

ಹಿಮ ಕರಗಿದ ಮೇಲೆ ಟ್ರೆಂಟ್ ಈ ಪಿಕಪ್ ಗಾಡಿಯನ್ನು ಎತ್ತರಿಸಿದ್ದ, ಮುಂದಿನ ಸಸ್ಪೆನ್ಷನ್ನಿನ ಸರಳುಗಳ ಬೋಲ್ಟು ಬಿಗಿದು ಬಿಗಿದು, ಹಿಂದೆ ಕಮಾನು ಪಟ್ಟಿಗಳ ಕೆಳಗೆ ಕಬ್ಬಿಣದ ಗಟ್ಟಿ ತುರುಕಿ, ದೊಡ್ಡ ಟೈರು ಹಾಕಿ, ನೋಡೇ, ಇನ್ನು ಕೆಸರಲ್ಲಿ ಹೂತ್ಕೊಳ್ಳೋ ಮಾತೇ ಇಲ್ಲ, ಗೆಳೆಯ ಡ್ವೇನ್ ಸುತ್ತು ಬಂದು ಶಿಳ್ಳೆ ಹೊಡೆದಿದ್ದ, ಲೇ, ಹೆಂಡ್ತಿ ಹತ್ತೋಕೆ ಏಣಿ ತಗೊಂಡ್ಯೇನೋ, ಏಣಿಯಲ್ಲ, ಹಾಲಿನ ಕ್ರೇಟು, ಬೋರಲು ಹಾಕಿದ ಆ ಕ್ರೇಟಿನ ಮೇಲೆ ನಿಂತು ತುಂಬಿದ ಹೊಟ್ಟೆ ಹೊತ್ತು ಹತ್ತುತ್ತಿದ್ದಳು. ಅಷ್ಟು ಬಿಗಿದ ಮೇಲೆ ಗುಂಡಿಗಿಳಿಯಲು ಚಕ್ರಕ್ಕೆ ಜಾಗವೇ ಉಳಿಯಲಿಲ್ಲ, ಪ್ರತಿ ಏಟೂ ಸೀದಾ ಬೆನ್ನಿಗೆ. ಕುಲುಕಾಟ ತಗ್ಗಲೆಂದು ಹಿಂದೆ ದನಕ್ಕೆ ನೆಕ್ಕಿಸುವ ಉಪ್ಪಿನ ಮೂಟೆ ಹೇರಿದ, ಟೈರಿನ ಗಾಳಿ ಇಳಿಸಿದ, ಈಗ ಪರ್ವಾಗಿಲ್ವಾ, ಹೂಂ ಪರ್ವಾಗಿಲ್ಲ, ಅವನ ಹಿಗ್ಗಿಗೆ ತಣ್ಣೀರು ಎರಚುವುದು ಹೇಗೆ. ಆದರೆ ನೋವೆದ್ದು ಆಸ್ಪತ್ರೆಗೆ ಹೊರಟ ದಿನ, ದನ ದಾಟದಂತೆ ಗೇಟಿನ ಬಳಿ ರಸ್ತೆಗಡ್ಡ ಹಾಸಿದ ಕೊಳವೆಗಳ ಮೇಲೆ ಗಾಡಿ ಧಡಧಡ ಕುಣಿದಾಗ ಕಿರುಚಿದ್ದಳು, ನಿನ್ ಗಾಡಿಗೆ ಬೆಂಕಿ ಹಾಕ, ನಿಲ್ಸೋ, ಅವನ ಕಿವಿ ಕೆಂಪಾಗಿತ್ತು. ನಿನ್ನೆ ದನ ನೋಡ್ಕೊಂಡ್ ಬರ್ತೀನಿ ಎಂದು ಹೋದವನು ಸಂಜೆಯಾದರೂ ಆಸ್ಪತ್ರೆ ಕಡೆ ತಲೆ ಹಾಕಲಿಲ್ಲ, ಮಗನಿಗಿಂತ ದನ ಹೆಚ್ಚಾಯಿತೇ ಎಂದು ಗೋಡೆಗೆ ಮುಖ ಮಾಡಿ ಮಲಗಿದ್ದಳು — ಅಗೋ, ಗೇಟು, ಕೊಳವೆಗಳು, ದಿಂಬು ಅದುಮಿದಳು, ಹಲ್ಲು ಕಚ್ಚಿದಳು, ಕಣ್ಣು ಮುಚ್ಚಿದಳು, ಬಂತು — ಗುಡುಗುಡು ಸದ್ದು, ಮೈ ಒಮ್ಮೆ ತೂಗಿತು, ಅಷ್ಟೇ, ಕಣ್ಣು ಬಿಟ್ಟರೆ ಕೂಸಿಗೆ ಎಚ್ಚರವೇ ಇಲ್ಲ, ಅವನ ಕಾಫಿ ಲೋಟದಿಂದ ಒಂದು ಹನಿಯೂ ಚೆಲ್ಲಿಲ್ಲ, ಇದೇನು, ಕ್ರೇಟೆಲ್ಲಿ, ಬೆಳಿಗ್ಗೆ ಗಾಲಿಕುರ್ಚಿಯಿಂದ ಎತ್ತಿ ಕೂರಿಸಿದ್ದ, ಅವನ ಅಂಗಿಯಲ್ಲಿ ಮುಖ ಹುದುಗಿಸಿದ್ದವಳು ಏನನ್ನೂ ನೋಡಿರಲಿಲ್ಲ, ಹುಲ್ಲು ಬೆಳೆದಿಲ್ಲ, ಮಳೆಯೂ ಬಂದಿಲ್ಲ, ತಾನೇ ಕೆಳಗಿಳಿದಿದ್ದಾಳೆ. ಗಾಡಿ ಇಳಿಸ್ಬಿಟ್ಯಾ ಟ್ರೆಂಟ್, ಹೂಂ, ಟೈರೂ ಹಳೇವೇ ಹಾಕ್ದೆ, ಡ್ವೇನ್ ನಗಲ್ವೇನೋ, ನಗ್ಲಿ ಬಿಡು, ಅವ್ನ ಹೊಟ್ಟೇಲೇನ್ ಹೊಲಿಗೆ ಇದ್ಯಾ. ನಗಬಾರದು, ಹೊಲಿಗೆ ಎಳೆಯುತ್ತದೆ, ಆದರೂ ನಗು — ತಾನು ಗೋಡೆಗೆ ಮುಖ ಮಾಡಿ ಮಲಗಿದ್ದ ಹೊತ್ತಿಗೆ ಅವನು ಅಂಗಳದ ಜಲ್ಲಿಯ ಮೇಲೆ ಅಂಗಾತ ಮಲಗಿ, ತಾನೇ ಬಿಗಿದದ್ದನ್ನು ತಾನೇ ಸಡಿಲಿಸುತ್ತ, ತುಕ್ಕು ಕಚ್ಚಿದ ಬೋಲ್ಟಿಂದ ಸ್ಪ್ಯಾನರು ಜಾರಿ — ಹೇಳಬೇಕು, ಏನಾದರೂ ಹೇಳಬೇಕು ಅವನಿಗೆ, ಗೆಣ್ಣು, ಸ್ಟೀರಿಂಗಿನ ಮೇಲೆ ಕೆಂಪಗೆ, ಆ ಗೆಣ್ಣು