ಬಜೆ ತೇಯುವ ಕಲ್ಲು

ಮೂರು ದಿನ ನೆಂಟರ ಮನೆಗಳಿಂದ ಬಂದ ಅನ್ನವೇ ಆಯಿತು. ನಾಲ್ಕನೆಯ ಬೆಳಿಗ್ಗೆ ಜಾನ್ ಬೀ ತಾನೇ ಒಲೆ ಹೊತ್ತಿಸಿ ಚಹಾಕ್ಕೆ ನೀರಿಟ್ಟಳು. ಹಾಲಿನವನು ಎಂದಿನಂತೆ ಬಾಗಿಲು ಬಡಿದ. ಶಿಡ್ಲಘಟ್ಟದ ಆ ಬೀದಿಯಲ್ಲಿ ರೇಷ್ಮೆ ರಾಟೆಗಳು ತಿರುಗತೊಡಗಿದವು. ಎಲ್ಲ ಹಿಂದಿನಂತೆಯೇ ಇತ್ತು. ಮಗ ಸಾದಿಕ್ ಇರಲಿಲ್ಲ, ಅಷ್ಟೆ.

ಸೊಸೆಯ ಮುಂದೆ ಲೋಟವಿಟ್ಟು ಜಾನ್ ಬೀ ಉರ್ದುವಿನಲ್ಲಿ ಮೆಲ್ಲಗೆ ಕೇಳಿದಳು: "ಬೇಟಿ, ಅವನು ಯಾರ ಹತ್ರನಾದ್ರೂ ಏನಾದ್ರೂ ಇಸ್ಕೊಂಡಿದ್ನಾ? ಹೋದೋರ ತಲೆ ಮೇಲೆ ಬೇರೆಯೋರ ಸಾಮಾನಿನ ಭಾರ ಇರ್ಬಾರ್ದು."

"ನೋಡ್ತೀನಿ, ಅಮ್ಮಿ" ಎಂದಳು ಅಜೀಜಾ.

ನೋಡುವುದೇನಿತ್ತು? ಅದು ಅವಳ ದಿಂಬಿನ ಕೆಳಗೇ ಇತ್ತು.

ಅಂಗೈಗಿಂತ ತುಸು ದೊಡ್ಡ ಕಪ್ಪು ಕಲ್ಲು. ಹಿತ್ತಲಾಚೆಯ ಮನೆಯ ವರಲಕ್ಷ್ಮಮ್ಮನದು. ಮೂರು ತಲೆಮಾರಿನ ಕೂಸುಗಳಿಗೆ ಬಜೆ ತೇಯ್ದು ತೇಯ್ದು ಕನ್ನಡಿಯಂತೆ ನುಣುಪಾಗಿತ್ತು.

ಸಾದಿಕ್ ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಲೇಸರಿನಿಂದ ಕಲ್ಲು ಪರೀಕ್ಷಿಸುತ್ತಿದ್ದ. ರೆಪ್ಪೆ ಬಡಿಯುವುದಕ್ಕಿಂತ ಎಷ್ಟೋ ಬೇಗ ಮುಗಿಯುವ ಬೆಳಕಿನ ಏಟು. ಬಿದ್ದ ಜಾಗ ಕಾದು ಉಬ್ಬಿ, ಕೆರೆಯ ನೀರಿನಲ್ಲಿ ಏಳುವಂತೆ ಕಲ್ಲಿನ ಮೈಮೇಲೆ ಅಲೆ ಏಳುತ್ತಿತ್ತು. ತುಸು ಆಚೆ ಇನ್ನೊಂದು ಲೇಸರ್ ಸುಮ್ಮನೆ ಬೆಳಗುತ್ತಿರುತ್ತಿತ್ತು. ಅಲೆ ಬಂದರೆ ಅದರ ಪ್ರತಿಫಲನ ಅಲುಗುತ್ತಿತ್ತು. ದಾರಿಯಲ್ಲಿ ಬಿರುಕಿದ್ದರೆ ಅಲೆ ಹಿಂದಿರುಗುತ್ತಿತ್ತು. ಭೌತಶಾಸ್ತ್ರದಲ್ಲೇ ಎಂಎಸ್ಸಿ ಮಾಡಿದ ಹೆಂಡತಿಗೆ ಇದನ್ನು ವಿವರಿಸಬೇಕಾಗಿರಲಿಲ್ಲ. ಆದರೂ ಊಟಕ್ಕೆ ಕೂತರೆ ವಿವರಿಸುತ್ತಿದ್ದ. ಅಂಬಾಜಿದುರ್ಗದ ಕಡೆಯಿಂದ ತಂದ ಕಲ್ಲುಗಳು ದಪ್ಪ ಹರಳಿನವು, ಅಲೆ ಅವುಗಳಲ್ಲಿ ಚೆದುರಿಹೋಗುತ್ತಿತ್ತು. "ವರಲಕ್ಷ್ಮಮ್ಮನ ಕಲ್ಲಲ್ಲಿ ನೋಡ್ಬೇಕು, ಹೆಂಗೆ ಓಡುತ್ತೆ!" ಎಂದು ಹಿಗ್ಗಿದ್ದ.

ವರಲಕ್ಷ್ಮಮ್ಮನ ಮಗಳು ಬಾಣಂತನಕ್ಕೆ ಬಂದಿದ್ದಳು. ಪುರುಡು ಕಳೆಯುವುದರೊಳಗೆ ಕೊಡುತ್ತೇನೆಂದು ಮಾತುಕೊಟ್ಟು ಒಯ್ದವನು, ಕೊಡಲೆಂದೇ ತರುತ್ತಿದ್ದ. ಬಸ್ಸು ಉರುಳಿತು. ಚೀಲದಲ್ಲಿದ್ದ ಕಲ್ಲಿಗೆ ಏನೂ ಆಗಿರಲಿಲ್ಲ.

ಕಲ್ಲಿನ ಮೇಲೆ ಸಾಸಿವೆಗಿಂತ ಸಣ್ಣ ಮಾಸಲು ಚುಕ್ಕಿಗಳ ಸಾಲೊಂದಿತ್ತು. ಬೆಳಕು ತಗುಲಿದ ಗುರುತು. ಅವನು ಕಡೆಯದಾಗಿ ಮಾಡಿದ ಕೆಲಸ. ಬಜೆ ತೇಯ್ದರೆ ಬೇಗನೆ ಅಳಿಸಿಹೋಗುತ್ತದೆ. ಕೊಡುವುದಿಲ್ಲ ಎಂದು ಅಜೀಜಾ ನಿಶ್ಚಯಿಸಿಬಿಟ್ಟಿದ್ದಳು. ಬೇರೆ ಕಲ್ಲು ತರಿಸಿಕೊಟ್ಟರಾಯಿತು. ಇದುವರೆಗೆ ಅವಳು ಅತ್ತಿರಲಿಲ್ಲ. ಆ ಚುಕ್ಕಿಗಳನ್ನು ಬೆರಳಿನಿಂದ ಸವರುತ್ತಿದ್ದಳು.

ಗೋಡೆಯಾಚೆ ಕೂಸು ಕಿರುಚಿತು.

"ಅಮ್ಮಾ, ಹೊಟ್ಟೆನೋವು ಕಣಮ್ಮ ಇವನಿಗೆ. ಆ ಕಲ್ಲು ಕೇಳ್ಬಾರ್ದಾ?" ಮಗಳ ದನಿ.

"ಬಾಯ್ಮುಚ್ಚೇ. ಸಾವಾದ ಮನೇಲಿ ಕಲ್ಲು ಕೇಳ್ತಾರೇನೇ? ಗ್ರೈಪ್ ವಾಟರ್ ಕುಡಿಸು."

"ಕುಡಿಸಿದ್ರೆ ನಿನ್ನ ಮೊಮ್ಮಗ ನನ್ನ ಮುಖಕ್ಕೇ ಉಗೀತಾನೆ!"

ಕೂಸು ನಿಲ್ಲಿಸಲಿಲ್ಲ. ಅಜೀಜಾ ಎದ್ದಳು. ಇದ್ದತ್ತಿನ ತಿಂಗಳುಗಳು ಮುಗಿಯುವವರೆಗೆ ವಿಧವೆ ಹೊಸ್ತಿಲು ದಾಟುವಂತಿಲ್ಲ. ಆದರೆ ಹಿತ್ತಲ ಗೋಡೆ ಎದೆಮಟ್ಟದ್ದು.

ಕಲ್ಲನ್ನು ಗೋಡೆಯಾಚೆ ಚಾಚಿ "ಅಮ್ಮಾ" ಎಂದು ಕರೆದಳು.

ವರಲಕ್ಷ್ಮಮ್ಮ ಓಡಿಬಂದಳು. "ಅಯ್ಯೋ, ನೀನ್ಯಾಕಮ್ಮ ತಂದೆ? ಕಲ್ಲೇನು ಓಡಿಹೋಗ್ತಿತ್ತಾ? ಇದನ್ನ ಕೇಳ್ದಾಗ ನಿಮ್ಮನೆಯೋರ್ನ ಆಡ್ಕೊಂಡು ನಕ್ಕಿದ್ದೆ ಕಣಮ್ಮ, ಬೆಂಗಳೂರಲ್ಲಿ ಕಲ್ಲಿಗೂ ಬರಾನಾ ಸಾಹೇಬ್ರೇ ಅಂತ." ದನಿ ತಗ್ಗಿತು. ಕಲ್ಲು ಹಿಡಿದವಳ ಕಣ್ಣು ಚುಕ್ಕಿಗಳ ಮೇಲೆ ನಿಂತಿತು. "ಇದೇನಮ್ಮ?"

"ಅವ್ರು ಬೆಳಕಲ್ಲಿ ತಟ್ಟಿದ್ದು. ತೇಯ್ದ್ರೆ ಹೋಗುತ್ತೆ."

ಅಜೀಜಾಳ ಬೆರಳುಗಳು ಇನ್ನೂ ಕಲ್ಲಿನ ಅಂಚನ್ನು ಬಿಟ್ಟಿರಲಿಲ್ಲ. ವರಲಕ್ಷ್ಮಮ್ಮ ಅದನ್ನು ನೋಡಿದಳು.

"ಹಂಗಾದ್ರೆ ಆ ಕಡೆ ಮಗ್ಗುಲಲ್ಲಿ ತೇಯ್ಕೋತೀನಿ ಬಿಡು. ಇದು ಹಂಗೇ ಇರ್ಲಿ."

"ಆ ಕಡೆ ತರಿ ಅಮ್ಮಾ. ಮಗು ಬಾಯಿಗೆ ಕಲ್ಲಿನ ಪುಡಿ ಹೋಗುತ್ತೆ." ಅಜೀಜಾ ಉಸಿರೆಳೆದುಕೊಂಡಳು. "ಈ ಕಡೆನೇ ತೇಯಿರಿ. ಇದೇ ನುಣುಪು."

ಹೇಳಿ, ಕೈ ಬಿಟ್ಟಳು.