ನಮ್ಮ ಗಿಳಿ ವಿಮಾನ ಹತ್ತಿದ ದಿನ

ಪ್ರಯಾಣದ ಹಿಂದಿನ ದಿನ ಜಗಳ ಆಗದ ಮನೆ ಯಾವುದಿದೆ ಹೇಳಿ? ಟಿಕೆಟ್ ಯಾರ ಹತ್ತಿರ, ಬೀಗದ ಕೈ ಎಲ್ಲಿ, ಯಾವುದು ಯಾವ ಚೀಲಕ್ಕೆ! ನಮ್ಮ ಮನೆಯಲ್ಲೂ ಆಯಿತು. ಆದರೆ ನಮ್ಮದು ಬಟ್ಟೆಬರೆಯ ಜಗಳವಲ್ಲ. ನನ್ನ ಬಾಯಿಯನ್ನು ಯಾವ ಚೀಲದಲ್ಲಿ ಇಡಬೇಕು ಎಂಬ ಜಗಳ.

ನಗಬೇಡಿ. ನಾನು ಇಪ್ಪತ್ತಾರು ವರ್ಷ ಬಸ್ ಕಂಡಕ್ಟರ್ ಆಗಿದ್ದವಳು. ನಾನೊಮ್ಮೆ ಕೂಗಿದರೆ ಹಿಂದಿನ ಸೀಟಿನಲ್ಲಿ ನಿದ್ದೆ ನಟಿಸುತ್ತಿದ್ದವರೂ ಎದ್ದು ಟಿಕೆಟ್ ತೆಗೆಯುತ್ತಿದ್ದರು. ಹೋದ ವರ್ಷ ಗಂಟಲಿನಲ್ಲಿ ಗಡ್ಡೆಯಾಯಿತು. ಡಾಕ್ಟರು ಗಡ್ಡೆ ತೆಗೆದರು, ಅದರ ಜೊತೆ ದನಿಯೂ ಹೋಯಿತು. ಈಗ ಬಾಯಿ ತೆರೆದರೆ ಬರುವುದು ಬರೀ ಗಾಳಿ. ಸಿಟ್ಟು ಮಾತ್ರ ಎಲ್ಲೂ ಹೋಗಿಲ್ಲ, ಮೊದಲಿಗಿಂತ ಜಾಸ್ತಿಯಾಗಿದೆ.

ನಮ್ಮ ಮನೆಯವರದು ರೇಡಿಯೋ, ಟೀವಿ ರಿಪೇರಿ ಅಂಗಡಿ. ಯಾರೋ ಬಿಟ್ಟುಹೋಗಿದ್ದ ಒಂದು ಹಳೆಯ ಅಂಗೈ ಕಂಪ್ಯೂಟರನ್ನು ಬಿಚ್ಚಿ, ಅದಕ್ಕೆ ರೇಡಿಯೋದ ಸ್ಪೀಕರ್ ಕೂರಿಸಿ, ಬೆನ್ನಿಗೊಂದು ದಪ್ಪ ಬ್ಯಾಟರಿ ಕೊಟ್ಟು, ನನಗೊಂದು ಮಾತಾಡುವ ಯಂತ್ರ ಮಾಡಿಕೊಟ್ಟರು. ನಾನು ಅಕ್ಷರ ಒತ್ತಿದರೆ ಅದು ಓದಿ ಹೇಳುತ್ತದೆ. ದನಿ ಯಾವಳೋ ಹುಡುಗಿಯದು. ಇವರು ಅದಕ್ಕೆ ಗಿಳಿ ಎಂದು ಹೆಸರಿಟ್ಟರು. ನೋಡೋಕೆ ಮಾತ್ರ ಭಯಂಕರ. ಕೆಂಪು ವೈರು, ಕಪ್ಪು ವೈರು, ಸುತ್ತಲೂ ಟೇಪು. ಗೊತ್ತಿಲ್ಲದವರು ಕಂಡರೆ ಎರಡು ಹೆಜ್ಜೆ ಹಿಂದೆ ಸರಿಯಬೇಕು, ಹಾಗಿದೆ.

ಈ ಗಿಳಿಯನ್ನು ನಾನು ಅಮ್ಮನ ಹತ್ತಿರ ಒಯ್ಯಲೇಬೇಕಿತ್ತು. ಅಮ್ಮ ಇರುವುದು ತಮ್ಮನ ಮನೆಯಲ್ಲಿ, ವಿಮಾನದಲ್ಲಿ ಮೂರು ಗಂಟೆಯ ದಾರಿ. ಎಂಬತ್ತು ದಾಟಿದೆ, ಕಣ್ಣು ಪೂರ್ತಿ ಹೋಗಿದೆ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದ್ದಳು. ನಾಡಿದ್ದು ಬೆಳಿಗ್ಗೆ ಎಂಟಕ್ಕೆ ಆಪರೇಷನ್ ಎಂದರೆ ಒಪ್ಪಲೊಲ್ಲಳು.

“ಒಂದು ವರ್ಷ ಆಯ್ತು, ದೊಡ್ಡವಳ ದನಿ ಕೇಳಿಲ್ಲ. ದನಿ ಹೋಗಿದೆ ಅನ್ನೋದು ಸುಳ್ಳು. ಅವಳು ಬದುಕಿಲ್ಲ, ನೀವೆಲ್ಲ ಮುಚ್ಚಿಡ್ತಿದ್ದೀರಿ. ಅವಳು ಬಂದು ಮಾತಾಡಿದ್ರೆ ಮಾತ್ರ ಆಪರೇಷನ್” ಎಂದು ತಮ್ಮನ ಹತ್ತಿರ ಹಠ ಹಿಡಿದಿದ್ದಳು.

ಫೋನಿನಲ್ಲಿ ಗಿಳಿಯ ಕೈಲಿ ಮಾತಾಡಿಸಿ ನೋಡಿದೆ. ಅದ್ಯಾವುದೋ ಕಂಪನಿಯವರ ರೆಕಾರ್ಡು ಎಂದು ಎರಡು ಸಲವೂ ಫೋನ್ ಇಟ್ಟುಬಿಟ್ಟಳು. ಎದುರಿಗೆ ಕೂತು, ಕೈ ಹಿಡಿದು ಮಾತಾಡದೆ ಬೇರೆ ದಾರಿಯಿರಲಿಲ್ಲ. ಡಾಕ್ಟರು ತಡ ಮಾಡಿದರೆ ಕಷ್ಟ ಎಂದಿದ್ದರು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಡುಗೆ ಮನೆಯಿಂದ ಹಜಾರಕ್ಕೆ, ಹಜಾರದಿಂದ ಅಡುಗೆ ಮನೆಗೆ ಸುಮ್ಮನೆ ಓಡಾಡುತ್ತಿದ್ದೆ.

ಆಗ ಇವರು ಏನು ಮಾಡುತ್ತಿದ್ದರು ಗೊತ್ತೇ? ಗಿಳಿಗೆ ಊಟ ಕಟ್ಟುವ ಬೆಳ್ಳಿ ಬಣ್ಣದ ಹಾಳೆ ಸುತ್ತುತ್ತಿದ್ದರು. ಸುತ್ತಿ, ಅದನ್ನೊಂದು ಸ್ಟೀಲ್ ಡಬ್ಬಿಗೆ ಹಾಕಿ, ಮುಚ್ಚಳ ಒತ್ತುತ್ತಿದ್ದರು.

ಅಷ್ಟರಲ್ಲಿ ಕೆಳಗಿನ ಮನೆಯವಳು ಬಂದಳು. ಅವಳು ವಿಮಾನ ನಿಲ್ದಾಣದಲ್ಲಿ ಚೀಲಗಳ ಎಕ್ಸ್-ರೇ ನೋಡುವ ಕೆಲಸದಲ್ಲಿ ಹದಿನಾರು ವರ್ಷ ಇದ್ದವಳು. ಬೆನ್ನುನೋವು ಎಂದು ಮೊನ್ನೆಯಷ್ಟೇ ಬಿಟ್ಟಿದ್ದಾಳೆ.

“ಅಯ್ಯೋ ಅಣ್ಣಾ, ಇದೇನಿದು ಡಬ್ಬಿ?”

“ಗಿಳಿ. ಎಕ್ಸ್-ರೇ ಬಿದ್ರೆ ಅದರ ನೆನಪೆಲ್ಲ ಅಳಿಸಿ ಹೋಗುತ್ತೆ ತಂಗೀ. ನಲವತ್ತು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ, ನನಗೆ ಗೊತ್ತಿಲ್ವಾ?”

“ದಿನಕ್ಕೆ ಎಷ್ಟು ಲ್ಯಾಪ್‌ಟಾಪು, ಎಷ್ಟು ಫೋನು ನಮ್ಮ ಮೆಷಿನ್ ಒಳಗೆ ಹೋಗಿ ಬರ್ತಿತ್ತು! ಯಾವುದೂ ಏನೂ ಮರೆತಿಲ್ಲ. ಆದ್ರೆ ಹೀಗೆ ಸ್ಟೀಲ್ ಡಬ್ಬೀಲಿ ಮುಚ್ಚಿಟ್ರೆ ನಮ್ಮ ಪರದೆ ಮೇಲೆ ಏನು ಕಾಣುತ್ತೆ ಗೊತ್ತಾ? ಒಳಗೆ ಏನಿದೆ ಅಂತ ಕಾಣೋದಿಲ್ಲ, ಒಂದು ಕಪ್ಪು ಮುದ್ದೆ. ಯಾರೋ ಏನೋ ಬಚ್ಚಿಟ್ಟಿದ್ದಾರೆ ಅಂತ ಅರ್ಥ. ಅಲ್ಲಿಗೆ ನಿಮ್ಮ ಪ್ರಯಾಣ ನಿಂತಿತು.”

ನಾನು ಡಬ್ಬಿ ಕಿತ್ತುಕೊಂಡು, ಹಾಳೆ ಹರಿದು ಬಿಸಾಕಿದೆ. ಗಿಳಿಯ ಕೈಲಿ ಹೇಳಿಸಿದೆ: “ಹೇಳು ತಂಗೀ. ಇವರು ಕೇಳದಿದ್ರೆ ನಾನು ಕೇಳಿಸ್ತೀನಿ.”

“ಹಾಗಾದ್ರೆ ದೊಡ್ಡ ಪೆಟ್ಟಿಗೇಲಿ ಹಾಕಿ ಕಳಿಸ್ತೀನಿ. ಯಾರ ಕಣ್ಣಿಗೂ ಬೀಳೋದು ಬೇಡ” ಎಂದರು ಇವರು.

“ಬೇಡವೇ ಬೇಡ ಅಣ್ಣಾ! ಇಂಥ ಬ್ಯಾಟರಿ ಒಮ್ಮೊಮ್ಮೆ ಕಾಯ್ದು ಬೆಂಕಿ ಹತ್ತುತ್ತೆ. ಜನ ಕೂರೋ ಜಾಗದಲ್ಲಾದ್ರೆ ಯಾರಾದ್ರೂ ನೋಡಿ ಆರಿಸ್ತಾರೆ. ಕೆಳಗೆ ಸಾಮಾನಿನ ಗೂಡಿನಲ್ಲಿ ಯಾರಿದ್ದಾರೆ? ಅದಕ್ಕೇ ಬಿಡಿ ಬ್ಯಾಟರಿ, ಪವರ್ ಬ್ಯಾಂಕ್ ಎಲ್ಲ ಕೈಚೀಲದಲ್ಲೇ ಇರಬೇಕು. ನಿಮ್ಮ ಸ್ಕ್ರೂಡ್ರೈವರು, ಕಟರು ಮಾತ್ರ ದೊಡ್ಡ ಪೆಟ್ಟಿಗೆಗೆ.”

“ಸರಿ, ಕೈಚೀಲದ ತಳದಲ್ಲಿಟ್ಟು ಮೇಲೆ ಟವೆಲ್ ಹಾಕ್ತೀನಿ.”

“ಮತ್ತೆ ಬಚ್ಚಿಡೋ ಮಾತು! ಮೇಲೆ ಇಡಿ. ಅವರು ಕೇಳೋಕೆ ಮುಂಚೆ ನೀವೇ ತೆಗೆದು ಟ್ರೇನಲ್ಲಿ ಬೇರೆಯಾಗಿ ಇಡಿ. ‘ಇದು ಮನೇಲಿ ಮಾಡಿದ್ದು, ಇವಳಿಗೆ ದನಿ ಇಲ್ಲ, ಇದು ಇವಳ ಪರವಾಗಿ ಮಾತಾಡುತ್ತೆ’ ಅಂತ ಹೇಳಿ. ಡಾಕ್ಟರ ಹತ್ತಿರ ಒಂದು ಚೀಟಿ ಬರೆಸಿಕೊಳ್ಳಿ. ವಿಮಾನ ಕಂಪನಿಗೂ ಇವತ್ತೇ ಫೋನ್ ಮಾಡಿ ಕೇಳಿಬಿಡಿ. ಆಮೇಲೆ ಅಣ್ಣಾ, ಚಾರ್ಜ್ ಪೂರ್ತಿ ಇರಲಿ. ‘ಆನ್ ಮಾಡಿ ತೋರಿಸಿ’ ಅಂತಾರೆ. ಆನ್ ಆಗದ ಯಂತ್ರವನ್ನ ಯಾರೂ ನಂಬೋದಿಲ್ಲ.”

ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದಳು. “ಅಲ್ಲಿ ತಮಾಷೆಗೂ ಬಾಂಬು ಗೀಂಬು ಅನ್ನಬೇಡಿ. ಅಲ್ಲಿ ಯಾರಿಗೂ ಅದು ತಮಾಷೆ ಅಲ್ಲ.”

ಇವರು ಮುಖ ಗಂಟು ಹಾಕಿಕೊಂಡೇ ಎಲ್ಲ ಮಾಡಿದರು. ಕಂಪನಿಗೆ ಫೋನ್ ಮಾಡಿದರು. ಡಾಕ್ಟರ ಚೀಟಿ ತಂದರು. ವೈರುಗಳನ್ನು ಒಳಗೆ ಮಡಚಿ, ಮೇಲೆ ‘ಮಾತಾಡುವ ಯಂತ್ರ’ ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದರು. ಗಿಳಿಗೆ ಪೂರ್ತಿ ಚಾರ್ಜ್ ಕೊಟ್ಟರು. ಪರವಾಗಿಲ್ಲ, ಬುದ್ಧಿ ಬಂತು ಎಂದುಕೊಂಡೆ. ನಾನೂ ದಡ್ಡಿಯೇ.

ಮಾರನೆಯ ದಿನ ಟ್ಯಾಕ್ಸಿಯಲ್ಲಿ ಗಿಳಿ ಕೊಡಿ ಎಂದು ಕೈ ಚಾಚಿದೆ.

“ಈಗ್ಯಾಕೆ? ಚಾರ್ಜ್ ಉಳಿಸು. ಅಮ್ಮನ ಹತ್ತಿರ ಮಾತಾಡುವಿಯಂತೆ” ಎಂದರು.

ದಾರಿಯುದ್ದಕ್ಕೂ ಬೈಸಿಕೊಳ್ಳುವುದು ತಪ್ಪಲಿ ಎಂದು ಹೀಗೆ ಹೇಳುತ್ತಿದ್ದಾರೆ ಎಂದುಕೊಂಡು ಕೈ ಹಿಂದಕ್ಕೆ ತೆಗೆದುಕೊಂಡೆ. ಮಧ್ಯಾಹ್ನದ ವಿಮಾನ. ಎರಡೂವರೆ ಗಂಟೆ ಮುಂಚೆಯೇ ತಲುಪಿದೆವು. ದೊಡ್ಡ ಪೆಟ್ಟಿಗೆಯನ್ನು ಕೌಂಟರಿನಲ್ಲಿ ಒಪ್ಪಿಸಿ ತಪಾಸಣೆಯ ಸಾಲಿನಲ್ಲಿ ನಿಂತೆವು. ಸಾಲು ಉದ್ದಕ್ಕಿತ್ತು. ಅಮ್ಮ ಹಾಸಿಗೆಯಲ್ಲಿ ಬಾಗಿಲ ಕಡೆ ಕಿವಿ ಕೊಟ್ಟು ಮಲಗಿದ್ದಾಳೆ ಎಂದು ತಮ್ಮ ಸಂದೇಶ ಕಳಿಸಿದ್ದ. ನಾನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ಗಡಿಯಾರ ನೋಡುತ್ತಿದ್ದೆ.

ನಮ್ಮ ಸರದಿ ಬಂತು. ಇವರು ಗಿಳಿಯನ್ನು ಹೊರಗೆ ತೆಗೆದು ಟ್ರೇನಲ್ಲಿಟ್ಟರು. ಕೆಳಗಿನ ಮನೆಯವಳು ಹೇಳಿಕೊಟ್ಟ ಮಾತನ್ನು ಪಾಠ ಒಪ್ಪಿಸುವ ಹಾಗೆ ಒಪ್ಪಿಸಿದರು. ಅಧಿಕಾರಿ ಒಬ್ಬಳು ಹೆಣ್ಣುಮಗಳು. ಡಾಕ್ಟರ ಚೀಟಿ ಓದಿ, ನನ್ನ ಕಡೆ ನೋಡಿ ನಕ್ಕಳು.

“ಒಳ್ಳೇದು. ಒಂದ್ಸಲ ಆನ್ ಮಾಡಿ ತೋರಿಸಿ ಅಮ್ಮಾ.”

ಗುಂಡಿ ಒತ್ತಿದೆ. ಗಿಳಿ ಸುಮ್ಮನಿತ್ತು. ಇನ್ನೊಮ್ಮೆ ಒತ್ತಿದೆ. ಜೋರಾಗಿ ಒತ್ತಿದೆ. ಪರದೆ ಕಪ್ಪಾಗೇ ಉಳಿಯಿತು.

ಇವರ ಕಡೆ ತಿರುಗಿದೆ. ಮುಖ ಬಿಳಿಚಿಕೊಂಡಿತ್ತು.

“ಬ್ಯಾಟರಿ...” ಎಂದರು. “ಬೆಳಿಗ್ಗೆ ತೆಗೆದುಬಿಟ್ಟೆ. ನಮ್ಮ ಅಂಗಡಿಯಿಂದ ಯಾವ ಸಾಮಾನೂ ಬ್ಯಾಟರಿ ಸಮೇತ ಹೊರಗೆ ಹೋಗಿಲ್ಲ ಕಣೇ. ದಾರೀಲಿ ಗುಂಡಿ ಒತ್ತಿ ಚಾರ್ಜ್ ಇಳಿದುಬಿಡುತ್ತೆ ಅಂತ... ಕೈ ತಾನೇ ತೆಗೆದುಬಿಡ್ತು.”

“ಈಗ ಎಲ್ಲಿದೆ?” ಎಂದು ಅಧಿಕಾರಿ ಕೇಳಿದಳು.

“ದೊಡ್ಡ ಪೆಟ್ಟಿಗೇಲಿ. ಸ್ಕ್ರೂಡ್ರೈವರ್ ಜೊತೆ.”

ನನಗೆ ಮೈಯೆಲ್ಲ ಉರಿದುಹೋಯಿತು. ಬೈಯೋಣವೆಂದು ಬಾಯಿ ತೆರೆದೆ. ಬರೀ ಗಾಳಿ. ಆ ಕ್ಷಣದ ಸಂಕಟ ಯಾರಿಗೂ ಬೇಡ. ಸುತ್ತ ಅಷ್ಟು ಜನ, ನನ್ನ ತಾಯಿಯ ಜೀವದ ಪ್ರಶ್ನೆ, ನನ್ನ ಬಾಯಲ್ಲಿ ಒಂದು ಅಕ್ಷರವಿಲ್ಲ. ಕಣ್ಣಲ್ಲಿ ನೀರು ಬಂದುಬಿಟ್ಟಿತು.

“ಆನ್ ಆಗದಿದ್ರೆ ಇದನ್ನ ಒಳಗೆ ಬಿಡೋಕೆ ಆಗಲ್ಲ ಅಮ್ಮಾ” ಎಂದಳು ಅಧಿಕಾರಿ. “ನೀವು ಹೋಗಬಹುದು. ಇದನ್ನ ಇಲ್ಲೇ ಬಿಡಬೇಕಾಗುತ್ತೆ.”

ಇವರಿಗೆ ಗಾಬರಿಯಾಯಿತು. ಗಾಬರಿಯಾದರೆ ಇವರ ನಾಲಿಗೆಗೆ ಲಗಾಮಿಲ್ಲ. “ಮೇಡಂ, ನಂಬಿ, ಇದೇನು ಬಾಂ...”

ಅಷ್ಟಕ್ಕೇ ನಾನು ಚಪ್ಪಲಿ ಕಾಲಿನಿಂದ ಇವರ ಪಾದ ತುಳಿದೆ, ಬಲವಾಗಿಯೇ ತುಳಿದೆ. ಉಳಿದದ್ದು “ಅಮ್ಮಾ!” ಎಂದು ಹೊರಗೆ ಬಂತು.

ಅಧಿಕಾರಿಗೆ ಎಲ್ಲ ಅರ್ಥವಾಗಿರಬೇಕು. ತುಟಿ ಕಚ್ಚಿ ನಗು ತಡೆದು, ಪೆಟ್ಟಿಗೆ ನೋಡುವವರಿಗೆ ಫೋನ್ ಮಾಡಿದಳು. ಆ ಕಡೆಯಿಂದ ಬಂದ ಉತ್ತರ ಕೇಳಿ, “ನಿಮ್ಮ ಪೆಟ್ಟಿಗೆ ವಿಮಾನಕ್ಕೆ ಹೋಗೇ ಇಲ್ಲ. ಬಿಡಿ ಬ್ಯಾಟರಿ ಕಂಡಿತು ಅಂತ ಆಗಲೇ ಬದಿಗೆ ಇಟ್ಟಿದ್ದಾರೆ. ನಿಮ್ಮನ್ನೇ ಹುಡುಕ್ತಿದ್ದಾರಂತೆ. ಬೇಗ ಹೋಗಿ” ಎಂದಳು.

ವಿಮಾನಕ್ಕೆ ಇನ್ನು ಐವತ್ತು ನಿಮಿಷ. ವಿಮಾನ ಕಂಪನಿಯವನೊಬ್ಬ ಮುಂದೆ ಓಡಿದ, ಹಿಂದೆ ಗಿಳಿ ಎತ್ತಿಕೊಂಡು ನಾನು, ನನ್ನ ಹಿಂದೆ ಇವರು ಕುಂಟುತ್ತಾ. ಕೌಂಟರಿನ ಪಕ್ಕದ ಕೋಣೆಯಲ್ಲಿ ನಮ್ಮ ಪೆಟ್ಟಿಗೆ ಮೇಜಿನ ಮೇಲಿತ್ತು. ಬೀಗ ತೆಗೆಸಿದರು, ಬ್ಯಾಟರಿ ಸಿಕ್ಕಿತು. ಆದರೆ ಗಿಳಿಯ ಬೆನ್ನಿನ ಮುಚ್ಚಳಕ್ಕೆ ನಾಲ್ಕು ಸ್ಕ್ರೂ. ಅಲ್ಲೇ, ಅವರ ಕಣ್ಣೆದುರಿಗೇ ಇವರು ಸ್ಕ್ರೂಡ್ರೈವರ್ ಹಿಡಿದರು. ಎಷ್ಟು ಸಾವಿರ ಮುಚ್ಚಳ ಬಿಚ್ಚಿದ ಕೈಯೋ ಅದು, ಈಗ ಸ್ಕ್ರೂಡ್ರೈವರಿನ ತುದಿ ಸ್ಕ್ರೂ ತಲೆಗೆ ಕೂರುತ್ತಲೇ ಇರಲಿಲ್ಲ. ಸ್ಕ್ರೂ ಒಂದು ಉರುಳಿ ಮೇಜಿನ ಕೆಳಗೆ ಹೋಯಿತು.

ನಾನು ಕೈಯಿಂದ ಕಿತ್ತುಕೊಂಡೆ. ಅಂಗಡಿಯಲ್ಲಿ ಇವರ ಪಕ್ಕ ಕೂತು ನೋಡಿ ನೋಡಿ ನನಗೂ ಬರುತ್ತದೆ. ಬ್ಯಾಟರಿ ಕೂರಿಸಿ ಮೂರು ಸ್ಕ್ರೂ ಹಾಕಿದೆ, ನಾಲ್ಕನೆಯದರ ಜಾಗಕ್ಕೆ ಟೇಪು ಒತ್ತಿದೆ. ಸ್ಕ್ರೂಡ್ರೈವರನ್ನು ಪೆಟ್ಟಿಗೆಗೆ ಎಸೆದು ಮತ್ತೆ ಓಡಿದೆ. ನಾವು ಬರುವುದನ್ನು ಕಂಡು ಆ ಅಧಿಕಾರಿ ಸಾಲಿನ ಬದಿಯಿಂದ ನಮ್ಮನ್ನು ಕರೆದಳು.

ಗಿಳಿ ಮತ್ತೆ ಟ್ರೇನಲ್ಲಿ ಒಳಗೆ ಹೋಗಿ ಬಂತು. ಗುಂಡಿ ಒತ್ತಿದೆ. ಪರದೆ ಬೆಳಗಿತು.

“ಏನಾದ್ರೂ ಮಾತಾಡಿಸಿ ಅಮ್ಮಾ” ಎಂದಳು.

ಅಕ್ಷರಗಳನ್ನು ಒತ್ತಿದೆ. ಗಿಳಿ ತನ್ನ ಹುಡುಗಿಯ ದನಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿತು: “ತಂಗೀ, ನೀನು ಮಾಡಿದ್ದು ಸರಿ. ನಿನ್ನ ಮೇಲೆ ಸಿಟ್ಟಿಲ್ಲ. ಇವರ ಮೇಲಿದೆ. ಮನೆಗೆ ಹೋಗಿ ನೋಡ್ಕೋತೀನಿ.”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಇವರೂ ಪೆಚ್ಚಾಗಿ ನಕ್ಕರು. ವಿಮಾನದ ಬಾಗಿಲಲ್ಲಿ ಕೊನೆಯದಾಗಿ ಹತ್ತಿದವರು ನಾವಿಬ್ಬರೇ.

ಸಂಜೆ ಆಸ್ಪತ್ರೆಯ ಕೋಣೆಗೆ ಹೋದಾಗ ಅಮ್ಮ ಕಣ್ಣು ತೆರೆದೇ ಮಲಗಿದ್ದಳು. ಅಷ್ಟು ದೊಡ್ಡ ಹೆಂಗಸು ಇಷ್ಟೇ ಇಷ್ಟಾಗಿದ್ದಳು. ಪಕ್ಕದಲ್ಲಿ ಕೂತು ಗಿಳಿಯ ಕೈಲಿ “ಅಮ್ಮಾ, ಬಂದೆ” ಎಂದು ಹೇಳಿಸಿದೆ.

“ಯಾವಳೇ ಇವಳು?” ಎಂದಳು ಅಮ್ಮ. “ಆ ಕಂಪನಿಯವಳು ಇಲ್ಲಿಗೂ ಬಂದ್ಲಾ?”

ನಾನು ನನ್ನ ಎಡಗೈಯನ್ನು ಅವಳ ಕೈಯಲ್ಲಿಟ್ಟೆ. ಬಲಗೈಯಿಂದ ಒಂದೊಂದೇ ಅಕ್ಷರ ಒತ್ತಿದೆ. ಗಿಳಿ ಹೇಳಿತು:

“ಕಿರುಬೆರಳು ಮುಟ್ಟಿ ನೋಡು. ಸೊಟ್ಟಗಿದೆ. ನನಗೆ ಆರು ವರ್ಷ ಇದ್ದಾಗ ಬಾಗಿಲಿಗೆ ಸಿಗಿಸಿದ್ದು ನೀನು, ಬೈಸಿಕೊಂಡಿದ್ದು ನಾನು. ಇವತ್ತಿನವರೆಗೆ ಅಪ್ಪನಿಗೂ ಹೇಳಿಲ್ಲ. ಆಪರೇಷನ್‌ಗೆ ಒಪ್ಪದಿದ್ರೆ ಈಗಲೇ ಈ ಆಸ್ಪತ್ರೆಗೆಲ್ಲ ಕೇಳೋ ಹಾಗೆ ಹೇಳ್ತೀನಿ. ಸಾಕು ಹಠ, ಮುದುಕಿ.”

ಅಮ್ಮ ನನ್ನ ಕಿರುಬೆರಳನ್ನು ಹಿಡಿದೇ ಇದ್ದಳು. ಆಮೇಲೆ ಕೈ ಮೇಲೆ ತಂದು ನನ್ನ ಗಂಟಲು ಮುಟ್ಟಿದಳು. ಹೊಲಿಗೆಯ ಗುರುತಿನ ಮೇಲೆ ಬೆರಳಾಡಿಸಿದಳು.

“ದನಿ ಯಾವಳದೋ” ಎಂದಳು. “ಬೈಗುಳ ನಿಂದೇ ಕಣೇ.”

ನಾನು ಅತ್ತೆ. ಅವಳೂ ಅತ್ತಳು. ಕಣ್ಣೊರೆಸಿಕೊಂಡು ತಮ್ಮನಿಗೆ, “ಏನು ನೋಡ್ತಾ ನಿಂತಿದ್ದೀಯ? ಹೆಬ್ಬೆಟ್ಟು ಎಲ್ಲಿ ಒತ್ತಬೇಕೋ ಆ ಕಾಗದ ತಗೊಂಡು ಬಾ” ಎಂದಳು.

ಮಾರನೆಯ ಬೆಳಿಗ್ಗೆ ಎಂಟಕ್ಕೆ ಅವಳನ್ನು ಒಳಗೆ ಕರೆದುಕೊಂಡು ಹೋದರು. ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಇವರು ಮೆಲ್ಲಗೆ, “ವಾಪಸ್ ಹೋಗುವಾಗ ಬ್ಯಾಟರಿ ಗಿಳಿ ಒಳಗೇ ಇರಲಿ ಅಲ್ವಾ?” ಎಂದು ಕೇಳಿದರು. ನಾನು ಇವರ ಪಾದದ ಕಡೆ ನೋಡಿದೆ. ಇವರು ಕಾಲು ಹಿಂದಕ್ಕೆ ಎಳೆದುಕೊಂಡರು. ಹತ್ತೂವರೆಗೆ ಡಾಕ್ಟರು ಹೊರಗೆ ಬಂದು, ಎಲ್ಲ ಚೆನ್ನಾಗಿ ಆಯಿತು ಎಂದರು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಇಂಥದ್ದೊಂದು ಇರಬಹುದು. ಕಿವಿ ಕೇಳಿಸುವ ಯಂತ್ರವೋ, ಉಸಿರಾಟಕ್ಕೆ ನೆರವಾಗುವ ಯಂತ್ರವೋ, ನೀವೇ ಜೋಡಿಸಿದ ಕಂಪ್ಯೂಟರೋ. ಅದನ್ನು ತೆಗೆದುಕೊಂಡು ವಿಮಾನ ಹತ್ತುವ ಮುಂಚೆ ಕಂಪನಿಗೆ ಫೋನ್ ಮಾಡಿ ಕೇಳಿ, ನಿಯಮ ಎಲ್ಲ ಕಡೆ ಒಂದೇ ಅಲ್ಲ. ಬ್ಯಾಟರಿ ನಿಮ್ಮ ಕೈಚೀಲದಲ್ಲಿರಲಿ, ಯಂತ್ರ ಆನ್ ಆಗುವಂತಿರಲಿ. ಬಚ್ಚಿಡಬೇಡಿ, ಕೇಳುವ ಮುಂಚೆ ನೀವೇ ತೆಗೆದು ತೋರಿಸಿ, ಇದೇನೆಂದು ಹೇಳಿ. ಬೇಗ ಮನೆ ಬಿಡಿ. ಆ ಮೇಜಿನ ಹಿಂದೆ ನಿಂತವರಿಗೆ ನಿಮ್ಮ ಮನಸ್ಸು ಕಾಣುವುದಿಲ್ಲ, ಟ್ರೇನಲ್ಲಿರುವುದಷ್ಟೇ ಕಾಣುತ್ತದೆ. ಬಾಯಿ ಇರುವವರು ನೀವು, ಬಾಯಿಬಿಟ್ಟು ಹೇಳಿ.